ಗುಂಡಿ ಒತ್ತಿದರೂ ಏಳದ ಎಂಜಿನ್

ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರು 40 ಅಡಿಗೆ ಏರಿದರೆ ಎಚ್ಚರಿಕೆ, 45 ಅಡಿಗೆ ಏರಿದರೆ ಅಪಾಯ. 2019ರ ಆಗಸ್ಟ್‌ನಲ್ಲಿ ಅದು 57 ಅಡಿಯನ್ನು ಮುಟ್ಟಿತು. ನದಿಯಲ್ಲಿರಬೇಕಾದ ದೋಣಿಗಳು ಊರ ಬೀದಿಗಳಲ್ಲಿ ಸಂಚರಿಸಿದವು. ಬೀದಿಯ ನೀರಿಗೆ ನದಿಯ ಆಳವಿಲ್ಲ. ಕೆಳಗೆ ಕಾಂಪೌಂಡ್ ಗೋಡೆ, ತಂತಿಬೇಲಿ, ನಿಲ್ಲಿಸಿಟ್ಟ ವಾಹನ. ಊರು ದಾಟಿದರೆ ಕಬ್ಬಿನ ಹೊಲ. ಇಂತಹ ಕಡೆ ನೀರಿನೊಳಗೆ ತಿರುಗುವ ಪ್ರೊಪೆಲರನ್ನು ತಕ್ಷಣ ಮೇಲೆತ್ತಲು ಬರದಿದ್ದರೆ ದೋಣಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ; ಮಾಳಿಗೆಯ ಮೇಲೆ ಕಾದು ಕುಳಿತವರು ಕಾಯುತ್ತಲೇ ಉಳಿಯುತ್ತಾರೆ.

ದೋಣಿಯ ಹಿಂಬದಿಗೆ ಕಟ್ಟುವ ಚಿಕ್ಕ ಎಂಜಿನ್‌ಗಳನ್ನು ಕೈಯಿಂದಲೇ ಎತ್ತಬಹುದು. ದೊಡ್ಡ ಎಂಜಿನ್‌ಗಳಿಗೆ ‘ಪವರ್ ಟ್ರಿಮ್’ ಎಂಬ ಏರ್ಪಾಡು ಇರುತ್ತದೆ. ಗುಂಡಿಯನ್ನು ಒತ್ತಿದಾಗ ತೆಳುವಾದ ತಂತಿಯಲ್ಲಿ ಅಲ್ಪ ವಿದ್ಯುತ್ತು ಹರಿದು ‘ರಿಲೇ’ಯನ್ನು ಎಚ್ಚರಿಸುತ್ತದೆ. ರಿಲೇ ಮುಚ್ಚಿಕೊಂಡಾಗ ದಪ್ಪ ತಂತಿಯ ಮೂಲಕ ಬ್ಯಾಟರಿಯ ಪೂರ್ಣ ಶಕ್ತಿ ಮೋಟಾರಿಗೆ ತಲುಪುತ್ತದೆ. ಮೋಟಾರು ಎಣ್ಣೆಯ ಪಂಪನ್ನು ತಿರುಗಿಸುತ್ತದೆ. ಎಣ್ಣೆಯ ಒತ್ತಡ ಎಂಜಿನ್ನನ್ನು ಎತ್ತುತ್ತದೆ. ಸಾಮಾನ್ಯವಾಗಿ ಏರಿಸಲು ಒಂದು ರಿಲೇ, ಇಳಿಸಲು ಇನ್ನೊಂದು.

ದೋಷ ಹುಡುಕುವವನು ಮೊದಲು ಬಳಸಬೇಕಾದ ಉಪಕರಣ ಕಿವಿ. ಗುಂಡಿ ಒತ್ತಿದಾಗ ಯಾವ ಸದ್ದೂ ಇಲ್ಲವಾದರೆ ಬ್ಯಾಟರಿ, ಫ್ಯೂಜು, ಗುಂಡಿ ಹಾಗೂ ತೆಳು ತಂತಿಗಳನ್ನು ನೋಡಬೇಕು. ‘ಟಕ್’ ಎಂದು ಸದ್ದಾಗಿ ಮೋಟಾರು ತಿರುಗದಿದ್ದರೆ ಗುಂಡಿಯ ಆಜ್ಞೆ ರಿಲೇಯವರೆಗೆ ತಲುಪಿದೆ ಎಂದರ್ಥ. ದೋಷವಿರುವುದು ರಿಲೇಯ ಒಳಸ್ಪರ್ಶದಲ್ಲಿ, ದಪ್ಪ ತಂತಿಯ ಸಂದಿನಲ್ಲಿ ಅಥವಾ ಮೋಟಾರಿನಲ್ಲಿ. ಮೋಟಾರು ತಿರುಗಿಯೂ ಎಂಜಿನ್ ಏಳದಿದ್ದರೆ ವಿದ್ಯುತ್ತನ್ನು ದೂರಿ ಫಲವಿಲ್ಲ. ಎಣ್ಣೆಯ ಮಟ್ಟವನ್ನೂ ಸೋರಿಕೆಯನ್ನೂ ಪರೀಕ್ಷಿಸಬೇಕು.

ಎಂಜಿನ್ ಇಳಿಯುತ್ತದೆ, ಏರುವುದಿಲ್ಲ ಎಂದಾದರೆ ಪರೀಕ್ಷೆ ಇನ್ನೂ ಸುಲಭ. ಎರಡೂ ರಿಲೇಗಳು ಒಂದೇ ಬಗೆಯವಾಗಿದ್ದರೆ ಅವುಗಳ ಸ್ಥಾನವನ್ನು ಅದಲುಬದಲು ಮಾಡಬೇಕು. ಈಗ ಏರಿ, ಇಳಿಯದೆ ನಿಂತರೆ ರಿಲೇಯೇ ಕೆಟ್ಟಿದೆ. ದೋಷ ಮೊದಲಿನಂತೆಯೇ ಉಳಿದರೆ ಗುಂಡಿಯನ್ನೂ ಅದರ ತಂತಿಯನ್ನೂ ಶೋಧಿಸಬೇಕು.

ಬಹುಮಂದಿ ಮೋಸಹೋಗುವುದು ಮಲ್ಟಿಮೀಟರಿನ ಮುಂದೆ. ಪೂರ್ಣ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಮೋಟಾರಿನ ತುದಿಯವರೆಗೂ ಅಷ್ಟೇ ವೋಲ್ಟ್ ಬಂದಿದೆ ಎಂದು ಕಂಡು, ಮೋಟಾರೇ ಕೆಟ್ಟಿದೆ ಎಂದು ತೀರ್ಪು ಕೊಡುವವರುಂಟು. ಶಾಲೆಯಲ್ಲಿ ಮಕ್ಕಳು ಓದುವ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಸಿರು ಕಿಲುಬು ಹಿಡಿದ ಒಂದು ಸಂದಿನ ರೋಧ ಕೇವಲ 0.1 ಓಮ್ ಎಂದು ಇಟ್ಟುಕೊಳ್ಳೋಣ. ಮೀಟರು ಎಳೆಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಆ ಸಂದಿನಲ್ಲಿ ನಷ್ಟವೇ ಕಾಣದು. ಆದರೆ ಮೋಟಾರು 30 ಆಂಪಿಯರ್ ಎಳೆದರೆ 30 × 0.1, ಅಂದರೆ 3 ವೋಲ್ಟ್ ಅಲ್ಲಿಯೇ ಕರಗುತ್ತದೆ. ಆದ್ದರಿಂದ ಅಳತೆಯನ್ನು ಗುಂಡಿ ಒತ್ತಿ ಹಿಡಿದಿರುವಾಗಲೇ ತೆಗೆದುಕೊಳ್ಳಬೇಕು. ಬ್ಯಾಟರಿಯ ತುದಿಯಲ್ಲೇ ವೋಲ್ಟ್ ಕುಸಿದರೆ ಬ್ಯಾಟರಿ ದುರ್ಬಲ. ಅಲ್ಲಿ ಸರಿಯಿದ್ದು ಮೋಟಾರಿನ ಬಳಿ ಕುಸಿದರೆ ನಡುವಿನ ಸಂದು ಕೊಳಕು. ಧನ ತಂತಿಯಷ್ಟೇ ಶ್ರದ್ಧೆಯಿಂದ ಋಣ ತಂತಿಯನ್ನೂ ನೋಡಬೇಕು. ನೆರೆಯ ನೀರಿನ ಕೆಸರು ಸಂದುಗಳಲ್ಲಿ ಕುಳಿತು ತೇವ ಹಿಡಿದಿಡುವುದರಿಂದ, ಒಂದು ವರ್ಷ ದುಡಿದ ದೋಣಿ ಮರುವರ್ಷ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ.

ಕೆಲವು ಎಚ್ಚರಿಕೆಗಳು ಅವಶ್ಯ. ಸುಟ್ಟ ಫ್ಯೂಜಿನ ಜಾಗದಲ್ಲಿ ತಾಮ್ರದ ಎಳೆಯನ್ನು ಸುತ್ತಬಾರದು. ಹೊಸ ಫ್ಯೂಜೂ ಸುಟ್ಟರೆ ಎಲ್ಲೋ ತಂತಿ ತಂತಿಗೆ ತಾಗಿದೆ ಎಂದು ತಿಳಿಯಬೇಕು. ಎತ್ತಿದ ಎಂಜಿನ್ನಿನ ಕೆಳಗೆ, ಆಸರೆ ಕೊಡದೆ, ಯಾರೂ ಕೈಯಿಡಬಾರದು. ಮಕ್ಕಳು ಈ ಪರೀಕ್ಷೆಯನ್ನು ಬಲ್ಲವರ ಜೊತೆಯಲ್ಲಿದ್ದೇ ನೋಡಬೇಕು.

ನಡುನೀರಿನಲ್ಲಿ ವಿದ್ಯುತ್ತು ಕೈಬಿಟ್ಟರೂ ಒಂದು ದಾರಿ ಉಳಿದಿರುತ್ತದೆ. ಇಂತಹ ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡವನ್ನು ಬಿಡುಗಡೆ ಮಾಡುವ ತಿರುಪು ಇರುತ್ತದೆ. ಎಂಜಿನ್ ನಿಲ್ಲಿಸಿ ಅದನ್ನು ಸಡಿಲಿಸಿದರೆ ಇಬ್ಬರು ಸೇರಿ ಎಂಜಿನ್ನನ್ನು ಕೈಯಿಂದ ಎತ್ತಬಹುದು. ಎತ್ತಿದ ಮೇಲೆ ಆಸರೆಯ ಕೊಂಡಿ ಹಾಕಿ ತಿರುಪನ್ನು ಮತ್ತೆ ಬಿಗಿಯಬೇಕು. ಆ ತಿರುಪು ಎಲ್ಲಿದೆ, ಯಾವ ಉಪಕರಣದಿಂದ ತಿರುಗುತ್ತದೆ ಎಂಬುದನ್ನು ದೋಣಿಯಲ್ಲಿರುವ ಪ್ರತಿಯೊಬ್ಬನೂ ಮೊದಲೇ ತಿಳಿದಿರಬೇಕು.

ರೋಹಿಣಿ ಮಳೆಯ ಹೊತ್ತಿಗೆ ರೈತ ಕೂರಿಗೆಯನ್ನು ಹೊರತೆಗೆದು ನೋಡುತ್ತಾನೆ. ನದಿದಂಡೆಯ ಊರುಗಳಲ್ಲಿ ದೋಣಿಯ ಬ್ಯಾಟರಿ, ಸಂದು, ರಿಲೇಗಳನ್ನು ನೋಡಬೇಕಾದ ಕಾಲವೂ ಅದೇ. ಆಗ ಕಂಡ ಕಿಲುಬನ್ನು ಉಜ್ಜುಕಾಗದದಿಂದ ತೆಗೆಯಲು ಐದು ನಿಮಿಷ ಸಾಕು. ಆಗಸ್ಟ್‌ನ ಪ್ರವಾಹದ ನಡುವೆ ಆ ಐದು ನಿಮಿಷ ಯಾರಿಗೂ ಸಿಗುವುದಿಲ್ಲ.