ಕ್ರಾಸ್ ಬದಲಿಸುವ ಹುಡುಗನಿಗೆ ಕನ್ನಡ ಬೇಕೋ ಬೇಡವೋ?

ಬೋರ್ಡಿಗೆ ಮಸಿ ಬಳಿಯುವುದು ಸುಲಭ ಗೆಳೆಯರೇ. ಒಂದು ಡಬ್ಬಿ ಬಣ್ಣ, ಒಂದು ಏಣಿ, ನಾಲ್ಕು ಜನ ಫೋಟೋದವರು ಇದ್ದರೆ ಸಾಕು. ಆದರೆ ಆ ಬೋರ್ಡಿನ ಕೆಳಗೆ, ಲಾರಿಯ ಹೊಟ್ಟೆಯ ಅಡಿಯಲ್ಲಿ, ಗ್ರೀಸು ಮೆತ್ತಿದ ಗೋಣಿಚೀಲದ ಮೇಲೆ ಅಂಗಾತ ಮಲಗಿ ಕೆಲಸ ಮಾಡುವ ಹುಡುಗ ಇದ್ದಾನಲ್ಲ, ಅವನಿಗೆ ಕನ್ನಡ ಏನು ಕೊಟ್ಟಿದೆ? ಇದನ್ನು ಕೇಳುವವರು ನಮ್ಮ ಚಳವಳಿಯಲ್ಲಿ ಕಡಿಮೆ.

ನಾನು ನಿಪ್ಪಾಣಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಬಿಲ್‌ಬುಕ್ಕು, ಬೀಡಿ ಕಟ್ಟಿನ ಲೇಬಲ್ಲು ನನ್ನ ಅನ್ನ. ಪುಣೆ–ಬೆಂಗಳೂರು ಹೆದ್ದಾರಿ ನಮ್ಮೂರಿನ ಮಗ್ಗುಲಲ್ಲೇ ಹರಿಯುತ್ತದೆ. ಮೊದಲು ಅದನ್ನು ಎನ್ಎಚ್ 4 ಅನ್ನುತ್ತಿದ್ದೆವು, ಈಗ 48. ಬೆಳಗಾವಿ ಕಡೆ ಹೊರಟರೆ ತವಂದಿ ಘಾಟ್. ಸುತ್ತಲಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಲ್ಲೆಲ್ಲ ಕಬ್ಬು. ಹಂಗಾಮು ಬಂತೆಂದರೆ ಟ್ರ್ಯಾಕ್ಟರುಗಳ ಜಾತ್ರೆ. ಹೀಗಾಗಿ ನಮ್ಮ ಸೀಮೆಯ ಗ್ಯಾರೇಜುಗಳಿಗೆ ಒಂದು ಕೆಲಸ ಎಂದೂ ತಪ್ಪುವುದಿಲ್ಲ: ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬದಲಿಸುವುದು. ಪುಸ್ತಕದಲ್ಲಿ ಇದು ಯೂನಿವರ್ಸಲ್ ಜಾಯಿಂಟ್, ನಮ್ಮ ಮಿಸ್ತ್ರಿಯ ಬಾಯಲ್ಲಿ ಬರೀ ಕ್ರಾಸ್.

ಬೆಂಗಳೂರಿನ ಗೆಳೆಯರೇ, ‘ನಮ್ಮ ಕಾರಿಗೆ ಅದಿಲ್ಲ’ ಎಂದು ಪುಟ ಮಗುಚಬೇಡಿ. ಮುಂದಿನ ಚಕ್ರದಿಂದ ಓಡುವ ಕಾರಿನಲ್ಲಿ ಆ ಉದ್ದನೆಯ ಶಾಫ್ಟು ಇಲ್ಲ, ನಿಜ. ಆದರೆ ನಿಮ್ಮ ಸ್ಟಿಯರಿಂಗಿನ ಕೋಲಿನ ಕೆಳಗೆ ಇದರದೇ ಮರಿ ಕೂತಿರುತ್ತದೆ. ನಿಮ್ಮ ಮಾರ್ಕೆಟ್ಟಿಗೆ ಟೊಮೆಟೊ ತರುವ ಬೊಲೆರೊ ಪಿಕಪ್ಪು ಓಡುವುದು ಇದರ ಮೇಲೇ.

ಗೇರ್‌ಬಾಕ್ಸು ಚಾಸಿಗೆ ಬಿಗಿದು ನಿಂತಿದೆ. ಹಿಂದಿನ ಆಕ್ಸಲ್ಲು ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ. ಗುಂಡಿ ಬಂದಾಗಲೆಲ್ಲ ನಡುವಿನ ಶಾಫ್ಟಿನ ಕೋನ ಬದಲಾಗಬೇಕು, ತಿರುಗುವುದೂ ನಿಲ್ಲಬಾರದು. ಅದಕ್ಕೇ ಎರಡು ಕವೆಗಳ ನಡುವೆ ಒಂದು ಕೂಡುಗೆರೆ ಆಕಾರದ ಉಕ್ಕಿನ ತುಂಡು. ಅದರ ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ರೋಲರುಗಳು, ಹೊರಗೆ ಸರ್ಕ್ಲಿಪ್ಪು. ಇಟಲಿಯ ಕಾರ್ಡಾನೋ ಹೆಸರು ಇದಕ್ಕೆ ಅಂಟಿದ್ದು 16ನೇ ಶತಮಾನದಿಂದ, ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರು 17ನೇ ಶತಮಾನದಿಂದ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಮೋಟಾರು ಗಾಡಿಗೆಂದು ಪೇಟೆಂಟು ಪಡೆದದ್ದು 1903ರಲ್ಲಿ. ಅಲ್ಲಿಯವರೆಗೆ ಎಷ್ಟೋ ಗಾಡಿಗಳು ಸೈಕಲ್ಲಿನ ಹಾಗೆ ಚೈನಿನ ಮೇಲೆ ಓಡುತ್ತಿದ್ದವು.

ಈಗ ನನ್ನ ಸಿಟ್ಟಿನ ವಿಷಯ. ಕಾಗದದ ರೀಮು ತರಲು ನನ್ನದೊಂದು ಹಳೆಯ ಪಿಕಪ್ಪಿದೆ. ಕ್ರಾಸ್ ಸವೆದು, ರಿವರ್ಸ್ ಹಾಕಿದರೆ ‘ಠಕ್’ ಅನ್ನುತ್ತಿತ್ತು. ಬಟ್ಟಲುಗಳ ಸುತ್ತ ಕುಂಕುಮದಂಥ ತುಕ್ಕಿನ ಪುಡಿ. ಒಂದು ಗ್ಯಾರೇಜಿನಲ್ಲಿ ಬದಲಿಸಿದರು, ರೊಕ್ಕ ತೆಗೆದುಕೊಂಡರು. ಗಾಡಿ ಐವತ್ತರ ಮೇಲೆ ಹೋದರೆ ಗಡಗಡ ನಡುಗತೊಡಗಿತು. ಕೆಲವೇ ತಿಂಗಳಿಗೆ ಹೊಸ ಕ್ರಾಸೂ ಹೋಯಿತು. ‘ಮಾಲು ಡುಪ್ಲಿಕೇಟು’ ಅಂದರು. ಇನ್ನೊಂದು ಹಾಕಿದರು. ಅದೂ ಹೋಯಿತು! ಕೊನೆಗೆ ಒಬ್ಬ ಹಿರಿಯ ಮರಾಠಿ ಮಿಸ್ತ್ರಿ ಕೆಳಗೆ ಬಗ್ಗಿ ನೋಡಿ ನಕ್ಕ. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಲೈನಿನಲ್ಲಿರಲಿಲ್ಲ. ಜಾರುವ ಸ್ಪ್ಲೈನನ್ನು ಕಳಚಿದವರು ಗುರುತು ಹಾಕದೆ ಕಳಚಿದ್ದರು, ಮನಸ್ಸಿಗೆ ಬಂದಂತೆ ತೂರಿಸಿದ್ದರು.

ಗುರುತು ಏಕೆ ಬೇಕು? ಒಂಟಿ ಕ್ರಾಸ್ ಕೋನದಲ್ಲಿ ತಿರುಗುವಾಗ ವೇಗವನ್ನು ಸಮನಾಗಿ ದಾಟಿಸುವುದಿಲ್ಲ. ಈ ಕಡೆ ನಿಮಿಷಕ್ಕೆ 1000 ಸುತ್ತು ಸಮನಾಗಿ ಕೊಟ್ಟರೆ, 10 ಡಿಗ್ರಿ ಕೋನದಲ್ಲಿ ಆ ಕಡೆಯ ವೇಗ ಸುಮಾರು 985ಕ್ಕೆ ಇಳಿದು 1015ಕ್ಕೆ ಏರುತ್ತದೆ, ಒಂದೊಂದು ಸುತ್ತಿಗೂ ಎರಡೆರಡು ಸಲ. ಕೋನ 20 ಡಿಗ್ರಿಯಾದರೆ 940ರಿಂದ 1064. ಕವೆಗಳು ಒಂದೇ ಲೈನಿನಲ್ಲಿದ್ದು ಎರಡೂ ಕಡೆ ಕೋನ ಸಮನಾಗಿದ್ದರೆ, ಮೊದಲನೆಯದರ ಏರಿಳಿತವನ್ನು ಎರಡನೆಯ ಕ್ರಾಸ್ ನುಂಗಿಬಿಡುತ್ತದೆ. ಕಾಲು ಸುತ್ತು ತಪ್ಪಿ ಕೂಡಿಸಿದರೆ ನುಂಗುವ ಬದಲು ಹೆಚ್ಚುಕಡಿಮೆ ದುಪ್ಪಟ್ಟು ಮಾಡುತ್ತದೆ! ಸ್ವಲ್ಪ ತಪ್ಪಿದರೆ ಸ್ವಲ್ಪ ನಡುಕ. ಶಾಫ್ಟು ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸೆಕೆಂಡಿಗೆ 80 ಪೆಟ್ಟು. ಕ್ರಾಸ್ ಎಲ್ಲಿ ಉಳಿದೀತು? ಬೇರಿಂಗ್, ಗೇರ್‌ಬಾಕ್ಸಿನ ಸೀಲು ಎಲ್ಲಕ್ಕೂ ಆ ಪೆಟ್ಟೇ.

ಪ್ರೆಸ್ಸಿನವನಾದ ನನಗೆ ಇದು ಹೊಸದಲ್ಲ. ಎರಡು ಬಣ್ಣ ಅಚ್ಚು ಹಾಕುವಾಗ ಮೂಲೆಯ ಗುರುತು ಕೂಡದಿದ್ದರೆ ದೇವರಿಗೆ ನಾಲ್ಕು ಕಣ್ಣು ಬರುತ್ತವೆ. ನಮ್ಮಲ್ಲಿ ಕಾಗದ ಹಾಳು, ಅವರಲ್ಲಿ ಗಾಡಿ.

ಆ ಗ್ಯಾರೇಜಿನ ಹುಡುಗ ಸೋಮಾರಿಯಲ್ಲ, ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ‘ಗುರುತು ಹಾಕು’ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಏಕೆ ಎಂದು ಹೇಳಿರಲಿಲ್ಲ. ಕ್ರಾಸಿನ ಡಬ್ಬಿಯೊಳಗೆ ಒಂದು ಚೀಟಿ ಇತ್ತು, ಇಂಗ್ಲಿಷು ಮತ್ತು ಹಿಂದಿಯಲ್ಲಿ. ಅದರಲ್ಲಿ ಅವನು ಗ್ರೀಸು ಒರೆಸಿಕೊಂಡ. ಮತ್ತೇನು ಮಾಡಬೇಕಿತ್ತು ಪಾಪ?

ಕಾನೂನು ಇಲ್ಲವೇ? ಇದೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲಿ ಎನ್ನುತ್ತವೆ ಕೇಂದ್ರದ 2011ರ ನಿಯಮಗಳು. ಜೊತೆಗೆ ಬೇರೆ ಭಾಷೆ ಇದ್ದರೆ ಅಡ್ಡಿ ಇಲ್ಲವಂತೆ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ರಾಜ್ಯದಲ್ಲಿ ತಯಾರಾಗುವ ವಸ್ತುವಿನ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎನ್ನುತ್ತದೆ. ಒಳ್ಳೆಯದೇ. ಆದರೆ ಹೊರರಾಜ್ಯದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಅಂಗಡಿಯಲ್ಲಿ ಬಿಕರಿಯಾಗುವ ಬಿಡಿಭಾಗದ ಗತಿ? ಅಲ್ಲಿ ‘ಅಡ್ಡಿ ಇಲ್ಲ’ವೇ ಗತಿ. ಅಡ್ಡಿ ಇಲ್ಲ ಎಂದ ಮಾತ್ರಕ್ಕೆ ಯಾವ ಕಂಪನಿ ತಾನಾಗಿ ಕನ್ನಡ ಅಚ್ಚು ಹಾಕಿಸೀತು?

ಇದು ನಡುಕದ ಪ್ರಶ್ನೆ ಮಾತ್ರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದು ಜೀವದ ಪ್ರಶ್ನೆ. ಮುಂದಿನ ಕ್ರಾಸ್ ಮುರಿದು, ಹಿಡಿದಿಡುವ ಕಬ್ಬಿಣದ ಬಳೆಯೂ ಇಲ್ಲದಿದ್ದರೆ ಶಾಫ್ಟಿನ ತುದಿ ಕಳಚಿ ರಸ್ತೆಗೆ ನಾಟಿಕೊಳ್ಳುತ್ತದೆ. ಓಡುವ ಗಾಡಿ ಆಗ ಏನಾದೀತು, ನೀವೇ ಊಹಿಸಿ. ಇನ್ನೊಂದಿದೆ. ‘ಗಾಡಿ ಗೇರಿನಲ್ಲಿದೆ, ಜರಗೂದಿಲ್ಲ’ ಎಂಬ ಧೈರ್ಯದಲ್ಲಿ ಹುಡುಗರು ಕೆಳಗೆ ನುಗ್ಗಿ ಶಾಫ್ಟಿನ ಬೋಲ್ಟು ಬಿಚ್ಚುತ್ತಾರೆ. ಗೇರು ಚಕ್ರವನ್ನು ಹಿಡಿಯುವುದೇ ಆ ಶಾಫ್ಟಿನ ಮೂಲಕ! ಅದು ಕಳಚಿದ ಕ್ಷಣ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯಿತು. ಇಳಿಜಾರಿದ್ದರೆ ಗಾಡಿ ಹೊರಟಿತು, ಕೆಳಗೆ ಮಲಗಿದವನ ಮೇಲೆ. ಚಕ್ರದ ಹಿಂದೆ ಮುಂದೆ ಕಲ್ಲಲ್ಲ, ಕಟ್ಟಿಗೆಯ ದಪ್ಪ ಗೂಟ ಕೊಡಬೇಕು. ಜ್ಯಾಕು ಎತ್ತಲಿಕ್ಕೆ, ನಿಲ್ಲಿಸಲಿಕ್ಕೆ ಸ್ಟ್ಯಾಂಡು.

ಟ್ರ್ಯಾಕ್ಟರಿನ ಪಿಟಿಒ ಶಾಫ್ಟಿನಲ್ಲೂ ಇದೇ ಕ್ರಾಸ್. ರೋಟಾವೇಟರು ತಿರುಗಿಸುವ ಆ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಧೋತರದ ಚುಂಗು, ಸೀರೆಯ ಸೆರಗು ಸಿಕ್ಕರೆ ಕೈ ಎಳೆದುಕೊಳ್ಳುವಷ್ಟು ಹೊತ್ತು ಎಲ್ಲಿದೆ? ಅದಕ್ಕೆಂದೇ ಮೇಲೊಂದು ಪ್ಲಾಸ್ಟಿಕ್ ಕವಚ ಕೊಡುತ್ತಾರೆ. ಗ್ರೀಸು ಹೊಡೆಯಲು ಅಡ್ಡ ಎಂದು ಅದನ್ನು ಕಿತ್ತು ಮೂಲೆಗೆ ಎಸೆದವರನ್ನು ಎಷ್ಟು ಬೇಕಾದರೂ ತೋರಿಸಬಲ್ಲೆ. ಕವಚದ ಮೇಲಿನ ಎಚ್ಚರಿಕೆ ಯಾವ ಭಾಷೆಯಲ್ಲಿದೆ ಎಂದು ನಿಮ್ಮೂರಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.

ನಿಪ್ಪಾಣಿಯ ಗ್ಯಾರೇಜಿನ ಮಾತು ಮರಾಠಿ, ಕನ್ನಡ, ಹಿಂದಿ ಕಲಸಿದ ಮಿಸಳ. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಗಾಡಿ ಉಳಿಸಿದವನು ಮರಾಠಿಯವನೇ, ತನ್ನ ವಿದ್ಯೆಯನ್ನು ಮುಚ್ಚಿಡಲಿಲ್ಲ. ಬೈಯಬೇಕಾದದ್ದು ನಮ್ಮನ್ನು ನಾವೇ. ನವೆಂಬರಿನ ಪೆಂಡಾಲು, ಡಿಜೆ, ಶಾಲುಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇಂಥ ಹುಡುಗನ ಕೈಗೆ ಕಾಗದವಾಗಿ ಹೋಗಲಿ ಎಂದು ಯಾವ ಸಂಘಕ್ಕೂ ಹೊಳೆದಿಲ್ಲ. ನಾನು ಪೆಂಡಾಲಿನ ಹ್ಯಾಂಡ್‌ಬಿಲ್ಲು ಅಚ್ಚು ಹಾಕಿ ರೊಕ್ಕ ಎಣಿಸುವವನು, ಲೆಕ್ಕ ನನಗೆ ಗೊತ್ತು.

ಹಾಗಾಗಿ ಒಂದು ಹಾಳೆ ಕಂಪೋಸ್ ಮಾಡುತ್ತಿದ್ದೇನೆ. ದಪ್ಪ ಕಾಗದ, ಎರಡು ಬಣ್ಣ, ಗೋಡೆಗೆ ಮೊಳೆ ಹೊಡೆಯುವಂಥದ್ದು. ಕಳಚುವ ಮುಂಚೆ ಫ್ಲ್ಯಾಂಜಿಗೂ ಸ್ಪ್ಲೈನಿಗೂ ಉಳಿಯಿಂದಲೋ ಪೇಂಟಿನಿಂದಲೋ ಗುರುತು. ಸರ್ಕ್ಲಿಪ್ಪು ತೆಗೆದು ಬಟ್ಟಲನ್ನು ವೈಸಿನಲ್ಲಿ ಒತ್ತಿ ಹೊರಡಿಸುವುದು: ಈ ಕಡೆ ಬಟ್ಟಲಿಗಿಂತ ಸಣ್ಣ ಸಾಕೆಟ್ಟು, ಆ ಕಡೆ ಬಟ್ಟಲು ಒಳಗಿಳಿಯುವಷ್ಟು ದೊಡ್ಡದು. ಸುತ್ತಿಗೆಯಿಂದ ಬಡಿದು ಕೂಡಿಸಿದರೆ ಸೂಜಿಗಳ ಅಚ್ಚು ಉಕ್ಕಿನ ಮೇಲೆ ಬೀಳುತ್ತದೆ, ಅಲ್ಲಿಂದಲೇ ಸವೆತ ಶುರು. ಹೊಸ ಬಟ್ಟಲಿನ ಸೂಜಿಗಳು ನಿಂತಿರಲು ಒಳಗೆ ಗ್ರೀಸು. ಒಂದು ಸೂಜಿ ಅಡ್ಡ ಬಿದ್ದರೂ ಬಟ್ಟಲು ಪೂರ್ತಿ ಇಳಿಯದು, ಸರ್ಕ್ಲಿಪ್ಪು ಗಾಡಿಯಲ್ಲಿ ಕೂರದು. ಕೂರದಿದ್ದರೆ ಒತ್ತಾಯ ಮಾಡದೆ ಬಿಚ್ಚಿ ನೋಡು. ಗ್ರೀಸಿನ ನಿಪ್ಪಲ್ಲು ಗನ್ ಮುಟ್ಟುವ ಕಡೆಗೆ ಇರಲಿ. ಕೂಡಿಸಿದ ಮೇಲೆ ಕೈಯಿಂದ ಆಡಿಸು, ಬಿಗಿ ಇದ್ದರೆ ಕವೆಯ ಕಿವಿಗೆ ಮೆಲ್ಲಗೆ ಒಂದು ತಟ್ಟು. ನಾಲ್ಕೂ ಬಟ್ಟಲಿನಿಂದ ಗ್ರೀಸು ಇಣುಕುವವರೆಗೆ ಹೊಡಿ.

ಹಾಳೆಯಲ್ಲಿ ಚಿತ್ರ ಬೇಕು. ಚಿತ್ರ ಬರೆಯಬಲ್ಲ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಕಾಗದ, ಮಸಿ, ಅಚ್ಚು ನನ್ನದು. ಹಂಚುವ ಕೆಲಸ ಸಂಘದವರದು, ಗ್ಯಾರೇಜಿಗೆ ಕಾಲಲ್ಲೇ ಹೋಗಿ ಕೊಡಬೇಕು. ಇಂಗ್ಲಿಷಿನವರು ‘ಫೇಸ್’ ಅನ್ನುವುದಕ್ಕೆ ಸಂಸ್ಕೃತದ ಮೂರು ಪದ ಕೂಡಿಸಿದ ಒಂದು ಉದ್ದ ಶಬ್ದವನ್ನು ಮಾಸ್ತರರೊಬ್ಬರು ಸೂಚಿಸಿದರು, ಬೇಡ ಅಂದೆ. ಮಿಸ್ತ್ರಿಗಳು ‘ಲೈನು’ ಅನ್ನುತ್ತಾರೆ. ‘ಎರಡೂ ಕವೆ ಒಂದೇ ಲೈನಿಗೆ’ ಎಂದೇ ದಪ್ಪಕ್ಷರದಲ್ಲಿ ಹಾಕಿದ್ದೇನೆ.