ಮುಂಗಡದ ಪುಸ್ತಕ ಯಾರ ಕೈಯಲ್ಲಿದೆ?

ಕನಕಪುರ, ರಾಮನಗರ, ಚನ್ನಪಟ್ಟಣಗಳಲ್ಲಿ ರೇಷ್ಮೆ ನೂಲು ಬಿಚ್ಚುವ ಮಾಲೀಕರಲ್ಲಿ ನಮ್ಮ ಸಮುದಾಯದವರು ಬಹಳಷ್ಟಿದ್ದಾರೆ. ಕೆಲಸಗಾರರಲ್ಲೂ ನಮ್ಮವರೇ ಬಹಳ. ಆದ್ದರಿಂದ ನಾಯಕತ್ವ, ನಿರ್ವಹಣೆ ಎಂಬ ಮಾತುಗಳನ್ನು ದೊಡ್ಡ ಕಂಪೆನಿಗಳಿಗೆ ಬಿಟ್ಟುಕೊಡುವ ಅಗತ್ಯವಿಲ್ಲ. ಹತ್ತು ಜನ ದುಡಿಯುವ ಒಂದು ಘಟಕವೂ ಅದರ ಪರೀಕ್ಷಾ ಸ್ಥಳವೇ. ಪ್ರತಿಯೊಬ್ಬನೂ ಕುರುಬನಂತೆ ತನ್ನ ಮಂದೆಯ ಹೊಣೆಗಾರನೆಂದೂ, ಆ ಹೊಣೆಯ ಕುರಿತು ಪ್ರಶ್ನಿಸಲ್ಪಡುವನೆಂದೂ ಪ್ರವಾದಿ ಮುಹಮ್ಮದ್(ಸ) ಕಲಿಸಿರುವಾಗ ಹತ್ತು ಜನರ ಮಾಲೀಕನಿಗೆ ಅದರಿಂದ ವಿನಾಯಿತಿ ಇಲ್ಲ.

ಇಂಥ ಮಾಲೀಕನ ಬಳಿ ಎರಡು ಲೆಕ್ಕಗಳಿರುತ್ತವೆ. ಒಂದು ಗೂಡಿನದು. ಅದರಲ್ಲಿ ಅವನ ವಿವೇಚನೆ ಬಹಳ ಹರಿತ. ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಡಿದು ನೋಡಿ, ಒಂದು ಕಿಲೋ ನೂಲಿಗೆ ಈ ಲಾಟಿನ ಗೂಡು ಏಳು ಕಿಲೋ ಬೇಕೋ ಎಂಟು ಕಿಲೋ ಬೇಕೋ ಎಂದು ಅಂದಾಜಿಸಿಯೇ ಅವನು ಹರಾಜಿನಲ್ಲಿ ಬೆಲೆ ಹಾಕುತ್ತಾನೆ. ಇನ್ನೊಂದು, ಕೆಲಸಗಾರರಿಗೆ ಕೊಟ್ಟ ಮುಂಗಡದ ಲೆಕ್ಕ. ಇಲ್ಲಿ ಆ ಹರಿತ ಮಾಯವಾಗುತ್ತದೆ. ಮುಂಗಡ ದೊಡ್ಡದಿದ್ದಷ್ಟೂ ಕೆಲಸಗಾರ ಬಿಟ್ಟುಹೋಗುವುದಿಲ್ಲ ಎಂಬ ನಂಬಿಕೆಯನ್ನೇ ಅನೇಕರು ನಿರ್ವಹಣೆ ಎಂದು ತಿಳಿದಿದ್ದಾರೆ.

ಮುಂಗಡದ ಮೂಲ ಕೆಟ್ಟದ್ದಲ್ಲ ಎಂಬುದನ್ನು ಒಪ್ಪಲೇಬೇಕು. ಮಗಳ ಮದುವೆ, ಆಸ್ಪತ್ರೆ, ಮನೆ ಬಾಡಿಗೆ – ಬ್ಯಾಂಕು ಬಾಗಿಲು ತೆರೆಯದಲ್ಲಿ ಮಾಲೀಕನ ಕೈಯೇ ಗತಿ. ಬಡ್ಡಿಯಿಲ್ಲದೆ ಕೊಟ್ಟದ್ದು ಕರ್ಝೆ ಹಸನವೂ ಆಗಬಹುದು. ಆದರೆ ಸಾಲ ತೀರುವವರೆಗೆ ಬೇರೆ ಘಟಕಕ್ಕೆ ಹೋಗಕೂಡದು, ಕೊಟ್ಟಷ್ಟೇ ಕೂಲಿಗೆ ದುಡಿಯಬೇಕು ಎಂಬ ಷರತ್ತು ಸೇರಿದ ಗಳಿಗೆಯಲ್ಲಿ ಅದರ ಸ್ವರೂಪ ಬದಲಾಗುತ್ತದೆ. ಸಾಲ ಕೊಟ್ಟವನಿಗೆ ಷರತ್ತಿನ ಮೂಲಕ ಲಾಭ ತರುವ ಸಾಲವು ಬಡ್ಡಿಯ ಸಾಲಿಗೆ ಸೇರುತ್ತದೆ ಎಂಬುದು ಕರ್ಮಶಾಸ್ತ್ರ ಪಂಡಿತರ ಪ್ರಸಿದ್ಧ ನಿಯಮ. ಅಗ್ಗದ ಕೂಲಿಯೂ ಅಂಥ ಲಾಭವಲ್ಲವೇ? ತೀರ್ಪನ್ನು ಉಲಮಾಗಳಿಗೆ ಬಿಡೋಣ. ಪ್ರಶ್ನೆಯನ್ನಾದರೂ ನಾವು ಕೇಳಿಕೊಳ್ಳಬೇಡವೇ?

ದೇಶದ ಕಾನೂನು ಈ ಪ್ರಶ್ನೆಗೆ 1976ರಲ್ಲೇ ಉತ್ತರಿಸಿದೆ. ಸಾಲದ ಹೆಸರಿನಲ್ಲಿ ದುಡಿಮೆಯನ್ನು ಕಟ್ಟಿಹಾಕುವುದು ಜೀತವಿಮುಕ್ತಿ ಕಾಯ್ದೆಯಂತೆ ಅಪರಾಧ. ಭಾರತದ ರೇಷ್ಮೆ ಉದ್ಯಮದಲ್ಲಿ ತಂದೆತಾಯಿ ಪಡೆದ ಮುಂಗಡಕ್ಕೆ ಮಕ್ಕಳು ದುಡಿಯುತ್ತಿರುವುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿದಾಗ ಕರ್ನಾಟಕದ ಹೆಸರೂ ಅದರಲ್ಲಿತ್ತು. ಅದು ನಮ್ಮ ಜುಮಾ ಪ್ರವಚನಗಳ ವಿಷಯವಾಗಬೇಕಿತ್ತು.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು (2:282) ನಮಾಝ್ ಅಥವಾ ಉಪವಾಸದ ಕುರಿತಾದುದಲ್ಲ, ಸಾಲದ ಲೆಕ್ಕ ಬರೆಯುವುದರ ಕುರಿತಾದುದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬೇಸರಿಸದೆ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದನ್ನು ಎಲ್ಲರೂ ಬಲ್ಲರು. ಹೆಚ್ಚಿನವರು ಗಮನಿಸದ ಅಂಶ ಬೇರೆ: ಬರೆಯುವವನಿಗೆ ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಅವನು ಅಶಕ್ತನಾದರೆ ಅವನ ಪೋಷಕ ನ್ಯಾಯದಿಂದ ಬರೆಸಬೇಕು. ದುರ್ಬಲನ ಬಾಯಿಂದ ಬಂದದ್ದೇ ದಾಖಲೆಯಾಗಬೇಕು ಎಂಬ ಈ ವ್ಯವಸ್ಥೆಯ ಎದುರು ನಮ್ಮ ರೂಢಿಯನ್ನು ಇಟ್ಟು ನೋಡಿ. ಮಾಲೀಕನೇ ಬರೆಯುತ್ತಾನೆ, ಅವನೇ ಓದುತ್ತಾನೆ. ಕೆಲಸಗಾರನಿಗೆ ಬಾಕಿಯ ಮೊತ್ತ ತಿಳಿಯುವುದು ಅವನು ಬಿಟ್ಟುಹೋಗುವೆನೆಂದ ದಿನ.

ಹಾಗೆ ಮಾಡದಿದ್ದರೆ ಕೆಲಸಕ್ಕೆ ಜನ ನಿಲ್ಲುವುದಿಲ್ಲ ಎಂದು ಮಾಲೀಕರು ಹೇಳುವುದುಂಟು. ಗೂಡಿನ ಬೆಲೆ ದಿನಕ್ಕೊಂದು, ನೂಲಿನ ಹಣ ಬರುವುದು ತಡ. ಅವರ ಕಷ್ಟ ಸುಳ್ಳಲ್ಲ. ಆದರೆ ಬಿಸಿನೀರಿನ ಮುಂದೆ ಕುಳಿತು ಗೂಡಿನ ಎಳೆ ಹುಡುಕಿ, ಕಡಿದಾಗ ಮತ್ತೆ ಸೇರಿಸುವ ಕೈಗೆ ಮನಸ್ಸಿಲ್ಲದಿದ್ದರೆ ಒಳ್ಳೆಯ ಗೂಡೂ ತ್ಯಾಜ್ಯದ ರಾಶಿಗೆ ಹೋಗುತ್ತದೆ. ಹರಾಜಿನಲ್ಲಿ ಉಳಿಸಿದ ರೂಪಾಯಿ ಅಲ್ಲೇ ಸೋರುತ್ತದೆ. ಈ ನಷ್ಟ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಮಾಡಬೇಕಾದುದು ಕಠಿಣವೇನಲ್ಲ. ಕೂಲಿಯ ಲೆಕ್ಕವನ್ನು ಸಾಲದ ಲೆಕ್ಕದಿಂದ ಬೇರ್ಪಡಿಸಲಿ. ವಾರದ ಕೂಲಿಯಿಂದ ಎಷ್ಟು ಹಿಡಿಯಬೇಕೆಂಬುದನ್ನು ಕೆಲಸಗಾರನೊಂದಿಗೆ ಸಮಾಲೋಚಿಸಿ ಮೊದಲೇ ನಿಶ್ಚಯಿಸಲಿ. ಬಿಟ್ಟುಹೋಗುವವನು ಹೋಗಲಿ, ಬಾಕಿಯನ್ನು ಕಂತುಗಳಲ್ಲಿ ತೀರಿಸಲಿ. ಇಕ್ಕಟ್ಟಿನಲ್ಲಿರುವವನಿಗೆ ಕಾಲಾವಕಾಶ ಕೊಡಬೇಕೆಂದೂ, ಮನ್ನಾ ಮಾಡುವುದು ಇನ್ನೂ ಉತ್ತಮವೆಂದೂ ಅದೇ ಅಧ್ಯಾಯ (2:280) ತಿಳಿಸುತ್ತದೆ. ಸಾಕ್ಷಿಗೆ ಮಸೀದಿಯ ಜಮಾಅತಿನ ಹಿರಿಯರಿಬ್ಬರನ್ನು ಕರೆಯಬಹುದು. ಕೆಲಸಗಾರನ ಬಳಿಯೂ ಒಂದು ಪುಸ್ತಕವಿರಲಿ. ಅವನಿಗೆ ಓದು ಬಾರದಿದ್ದರೆ, ಶಾಲೆಗೆ ಹೋಗುವ ಮಗಳು ಪ್ರತಿ ವಾರ ಅದನ್ನು ಓದಿ ಹೇಳಲಿ.