ಸಿಡಿಲಿನ ಸುದ್ದಿ ಯಾವ ಭಾಷೆಯಲ್ಲಿ ಬರಬೇಕು?



ಟೆಕ್ಸಾಸ್, ಒಕ್ಲಹೋಮಾ, ಕಾನ್ಸಾಸ್ ಕಡೆ ಮನೆ ಮಾಡಿರುವ ನಮ್ಮವರಿಗೆ ಟೊರ್ನೆಡೊ ಎಂದರೇನು ಎಂದು ನಾನು ಐರ್ಲೆಂಡಿನಲ್ಲಿ ಕೂತು ಹೇಳಿಕೊಡಬೇಕಾಗಿಲ್ಲ. ಏಪ್ರಿಲ್-ಮೇ ಬಂತೆಂದರೆ ನಿಮಗೆ ಸೈರನ್ ಸದ್ದು ನಮ್ಮೂರಿನ ಮುಂಗಾರು ಗುಡುಗಿನಷ್ಟೇ ಮಾಮೂಲು. ಆದರೆ ಆ ಸುಂಟರಗಾಳಿಗಳಿಗೆ ಬಲಿಯಾದವರ ಚರಿತ್ರೆಯನ್ನು ಒಮ್ಮೆ ಕನ್ನಡಿಗನ ಕಣ್ಣಿನಿಂದ ಓದಿ ನೋಡಿ. ಗಾಳಿಗಿಂತ ಹೆಚ್ಚಾಗಿ ಮಾತಿನ ಕತೆ ಕಾಣಿಸುತ್ತದೆ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು ಎಂಬ ಕತೆ.

1925ರ ಮಾರ್ಚ್ 18ರಂದು ಮಿಸೌರಿಯಲ್ಲಿ ಎದ್ದ ಟೊರ್ನೆಡೊ ಇಲಿನಾಯ್ ದಾಟಿ ಇಂಡಿಯಾನಾದವರೆಗೆ ಮೂರೂವರೆ ಗಂಟೆ ಉರುಳಿತು. ಸುಮಾರು 350 ಕಿಲೋಮೀಟರ್ ದಾರಿ, 695 ಸಾವು. ಅಮೆರಿಕಾದ ಚರಿತ್ರೆಯಲ್ಲಿ ಒಂದೇ ಟೊರ್ನೆಡೊಗೆ ಇಷ್ಟು ಜನ ಇನ್ನೆಂದೂ ಸತ್ತಿಲ್ಲ. ಆ ದಿನದ ಸರ್ಕಾರಿ ಹವಾಮಾನ ವರದಿಯಲ್ಲಿ ‘ಟೊರ್ನೆಡೊ’ ಎಂಬ ಪದವೇ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ 1880ರ ದಶಕದಿಂದಲೇ ಮುನ್ಸೂಚನೆಯಲ್ಲಿ ಆ ಪದ ಬಳಸದಂತೆ ಇಲಾಖೆ ತಡೆದಿತ್ತು! ಕಾರಣವೇನು ಗೊತ್ತೇ? ಜನ ಗಾಬರಿಯಾಗುತ್ತಾರಂತೆ. ಜಾನ್ ಪಾರ್ಕ್ ಫಿನ್ಲಿ ಎಂಬ ಸೈನ್ಯದ ಅಧಿಕಾರಿ 1884ರಷ್ಟು ಹಿಂದೆಯೇ ಟೊರ್ನೆಡೊ ಮುನ್ಸೂಚನೆಯ ಪ್ರಯತ್ನ ಶುರು ಮಾಡಿದ್ದ. ಅದನ್ನು ಮೂಲೆಗೆ ಸರಿಸಿ, ಅರ್ಧ ಶತಮಾನ ಒಂದು ಪದವನ್ನು ಬೀಗ ಹಾಕಿಟ್ಟರು. 1938ರಲ್ಲಿ ಬಿಗಿ ಸಡಿಲವಾಯಿತು. 1948ರ ಮಾರ್ಚ್ 25ರಂದು ಒಕ್ಲಹೋಮಾದ ಟಿಂಕರ್ ವಾಯುನೆಲೆಯಲ್ಲಿ ಫಾಬುಷ್ ಮತ್ತು ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳು ಧೈರ್ಯ ಮಾಡಿ ಟೊರ್ನೆಡೊ ಮುನ್ಸೂಚನೆ ಕೊಟ್ಟರು. ಅಂದು ಸಂಜೆ ಅದು ನಿಜವಾಗಿ ಬಂದೂ ಬಂತು.

ಸರಿ, ಪದ ಬಂತು. ಎಲ್ಲರಿಗೂ ಬಂತೇ?

1987ರ ಮೇ 22. ಟೆಕ್ಸಾಸಿನ ಪಶ್ಚಿಮ ಮೂಲೆಯಲ್ಲಿ ಸಾರಗೋಸಾ ಎಂಬ ಪುಟ್ಟ ಹಳ್ಳಿ. (ಆ ಹೆಸರು ಮೊದಲ ಸಲ ಓದಿದಾಗ ನನ್ನ ಕಿವಿಗೆ ಕೇಳಿಸಿದ್ದು ಕಾಸರಗೋಡು. ಆ ಮಾತಿಗೆ ಆಮೇಲೆ ಬರುತ್ತೇನೆ.) ಊರಿನವರಲ್ಲಿ ಬಹುಪಾಲು ಸ್ಪ್ಯಾನಿಶ್ ಮಾತಾಡುವ ರೈತಾಪಿ ಜನ. ಅಂದು ಸಂಜೆ ಊರಿನ ಸಮುದಾಯ ಭವನದಲ್ಲಿ ಶಿಶುವಿಹಾರದ ಮಕ್ಕಳ ಬೀಳ್ಕೊಡುಗೆ ಸಮಾರಂಭ. ಅಪ್ಪ-ಅಮ್ಮ, ಅಜ್ಜ-ಅಜ್ಜಿ ಎಲ್ಲರೂ ಸೇರಿದ್ದಾರೆ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು, ತಡವಾಗಿಯಲ್ಲ, ಹೊತ್ತಿಗೆ ಸರಿಯಾಗಿಯೇ ಕೊಟ್ಟಿತ್ತು. ಟೀವಿ-ರೇಡಿಯೋಗಳಲ್ಲಿ ಇಂಗ್ಲಿಷಿನಲ್ಲಿ ಅದು ಪ್ರಸಾರವೂ ಆಯಿತು. ಆದರೆ ಆ ಜನ ನೋಡುತ್ತಿದ್ದುದು ಕೇಬಲ್ಲಿನಲ್ಲಿ ಎಲ್ಲಿಂದಲೋ ಬರುವ ಸ್ಪ್ಯಾನಿಶ್ ಚಾನಲ್ಲು. ಅದರಲ್ಲಿ ಸ್ಥಳೀಯ ಎಚ್ಚರಿಕೆ ಬರುತ್ತಿರಲಿಲ್ಲ. ಊರಿನಲ್ಲಿ 30 ಜನ ಸತ್ತರು, ಅವರಲ್ಲಿ 22 ಮಂದಿ ಆ ಭವನದಲ್ಲಿದ್ದವರು. ಮಕ್ಕಳ ಮೇಲೆ ಬಿದ್ದು ತಬ್ಬಿಕೊಂಡಿದ್ದ ದೊಡ್ಡವರೇ ಅವರಲ್ಲಿ ಹಲವರು.

ಆಮೇಲೆ ಅಲ್ಲಿನ ವಿದ್ವಾಂಸರು ಹೋಗಿ ತನಿಖೆ ಮಾಡಿದರು. ಅವರು ಕಂಡುಕೊಂಡ ಒಂದು ಸಣ್ಣ ಸಂಗತಿ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಸ್ಪ್ಯಾನಿಶ್‌ಗೆ ತರ್ಜುಮೆ ಮಾಡುವಾಗ ‘ವಾರ್ನಿಂಗ್’ ಎಂಬುದಕ್ಕೆ ‘ಅವಿಸೊ’ ಎಂಬ ಪದ ಹಾಕುತ್ತಿದ್ದರು. ಅವಿಸೊ ಎಂದರೆ ತಿಳುವಳಿಕೆ, ಪ್ರಕಟಣೆ. ನಾಳೆ ನೀರು ಬರುವುದಿಲ್ಲ ಎಂದು ಬೋರ್ಡ್ ಹಾಕುತ್ತಾರಲ್ಲ, ಆ ಥರದ್ದು. ಅದನ್ನು ಕೇಳಿ ಯಾರು ಮಗುವನ್ನು ಎತ್ತಿಕೊಂಡು ಓಡುತ್ತಾರೆ?

ಭಾಷೆ ಗೊತ್ತಿದ್ದವರೂ ಮೊದಲ ಸೈರನ್ನಿಗೆ ಓಡುವುದಿಲ್ಲ ಎಂಬುದು ಮತ್ತೊಂದು ಮೇ 22ರಂದು, 2011ರಲ್ಲಿ, ಮಿಸೌರಿಯ ಜಾಪ್ಲಿನ್ ಊರಿನಲ್ಲಿ ಗೊತ್ತಾಯಿತು. ಅಲ್ಲಿ 158 ಜನ ಟೊರ್ನೆಡೊಗೆ ನೇರವಾಗಿ ಬಲಿಯಾದರು. ಸೈರನ್ ಕೇಳಿದವರಲ್ಲಿ ಹೆಚ್ಚಿನವರು ಟೀವಿ ಹಾಕಿ, ಆಕಾಶ ನೋಡಿ, ಪಕ್ಕದವರನ್ನು ಕೇಳಿ, ಆಮೇಲೆ ಅಡಗಲು ಹೊರಟರು. ಮನೆಮಾತಿನಲ್ಲಿ ಬಂದ ಸುದ್ದಿಯನ್ನೇ ಮನುಷ್ಯ ಎರಡು ಸಲ ಖಾತ್ರಿ ಮಾಡಿಕೊಳ್ಳುತ್ತಾನೆ. ಬಾರದ ಭಾಷೆಯಲ್ಲಿ ಬಂದರೆ? ಇಷ್ಟಾದ ಮೇಲೂ 2025ರ ಏಪ್ರಿಲ್ಲಿನಲ್ಲಿ ಅಮೆರಿಕಾದ ಹವಾಮಾನ ಸೇವೆ, ಗುತ್ತಿಗೆ ಮುಗಿಯಿತೆಂಬ ಕಾರಣಕ್ಕೆ, ಇಂಗ್ಲಿಷೇತರ ತರ್ಜುಮೆಗಳನ್ನು ನಿಲ್ಲಿಸಿಬಿಟ್ಟಿತ್ತು. ಗಲಾಟೆಯಾದ ಮೇಲೆ ಅದೇ ತಿಂಗಳ ಕೊನೆಗೆ ಮತ್ತೆ ಶುರು ಮಾಡಿದರು. ಗಲಾಟೆ ಮಾಡಿದರೆ ಕೆಲಸ ಆಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ನಾನಿರುವ ದೇಶ. ಐರ್ಲೆಂಡಿಗೂ ಸುಂಟರಗಾಳಿ ಹೊಸದಲ್ಲ. ಯೂರೋಪಿನಲ್ಲಿ ದಾಖಲಾದ ಅತಿ ಹಳೆಯ ಟೊರ್ನೆಡೊ ಎಂದು ಹೇಳುವುದು 1054ರ ಏಪ್ರಿಲ್ 30ರಂದು ಕಿಲ್‌ಬೆಗನ್ ಹತ್ತಿರದ ರೋಸ್‌ಡಾಲಾದಲ್ಲಿ ಕಂಡದ್ದನ್ನೇ. ಮೊನ್ನೆ ಮೊನ್ನೆ, 2023ರ ಡಿಸೆಂಬರ್ 10ರಂದು, ಲೀಟ್ರಿಮ್ ಹಳ್ಳಿಯಲ್ಲಿ ಒಂದು ಟೊರ್ನೆಡೊ ಮನೆಗಳ ಹೆಂಚು ಹಾರಿಸಿಕೊಂಡು ಹೋಯಿತು, ಪುಣ್ಯಕ್ಕೆ ಜೀವ ಹೋಗಲಿಲ್ಲ. ಆದರೆ ಇಲ್ಲಿನವರ ನೆನಪಿನಲ್ಲಿ ಕೂತಿರುವುದು 1839ರ ಜನವರಿ 6ರ ರಾತ್ರಿಯ ಮಹಾಗಾಳಿ. ಟೊರ್ನೆಡೊ ಅಲ್ಲ, ಅಟ್ಲಾಂಟಿಕ್ಕಿನಿಂದ ಬಂದ ಬಿರುಗಾಳಿ. 250ರಿಂದ 300 ಜನ ಸತ್ತರೆಂದು ಅಂದಾಜು. ಡಬ್ಲಿನ್ನಿನಲ್ಲಿ ನಾಲ್ಕೈದು ಮನೆಗೊಂದು ಜಖಂ. ಐರಿಶ್‌ನಲ್ಲಿ ಅದಕ್ಕೆ ‘ಈಹೆ ನ ಗೀಹೆ ಮೋರೆ’ ಎನ್ನುತ್ತಾರೆ, ದೊಡ್ಡ ಗಾಳಿಯ ರಾತ್ರಿ ಎಂದು. ಎಪ್ಪತ್ತು ವರ್ಷ ಕಳೆದು 1909ರಲ್ಲಿ ಎಪ್ಪತ್ತು ದಾಟಿದವರಿಗೆ ಪಿಂಚಣಿ ಶುರುವಾದಾಗ, ಹುಟ್ಟಿದ ದಾಖಲೆ ಇಲ್ಲದ ಹಳ್ಳಿಯ ಮುದುಕರನ್ನು ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆ: ದೊಡ್ಡ ಗಾಳಿ ನೆನಪಿದೆಯೇ? ಎಲ್ಲರಿಗೂ ನೆನಪಿತ್ತು, ಬಿಡಿ! ನಮ್ಮಜ್ಜಿಯರು ಪ್ಲೇಗು ಬಂದ ವರ್ಷ, ಬರ ಬಿದ್ದ ವರ್ಷ ಎಂದು ವಯಸ್ಸಿನ ಲೆಕ್ಕ ಹಾಕುತ್ತಿದ್ದರಲ್ಲ, ಥೇಟ್ ಹಾಗೆಯೇ.

ಆ ರಾತ್ರಿ ಲಕ್ಷಾಂತರ ಜನರ ಮನೆಮಾತು ಐರಿಶ್ ಆಗಿತ್ತು. ಮುಂದೆ ಕೆಲವೇ ವರ್ಷಕ್ಕೆ ಆಲೂಗಡ್ಡೆ ಕ್ಷಾಮ ಬಂತು, ಜನ ಸತ್ತರು, ಹಡಗು ಹತ್ತಿದರು, ಇಂಗ್ಲಿಷ್ ಬಂದರೆ ಅನ್ನ ಎಂಬ ನಂಬಿಕೆ ಬೇರೂರಿತು. 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನನಿತ್ಯ ಐರಿಶ್ ಮಾತಾಡುವವರು 72,000ಕ್ಕೂ ಒಂದಿಷ್ಟು ಕಡಿಮೆ. ನಮ್ಮ ಒಂದು ತಾಲೂಕಿಗಿಂತ ಕಡಿಮೆ ಜನ! ಆದರೂ ಹವಾಮಾನ ಇಲಾಖೆಯ ಹೆಸರೇ ‘ಮೆಟ್ ಏರನ್’. ಟಿ.ಜಿ.4 ಎಂಬ ಐರಿಶ್ ವಾಹಿನಿ 1996ರಿಂದ ನಡೆಯುತ್ತಿದೆ, ಅದರಲ್ಲಿ ಹವಾಮಾನ ಐರಿಶ್‌ನಲ್ಲೇ ಬರುತ್ತದೆ. 1972ರಿಂದ ಐರಿಶ್ ರೇಡಿಯೋ ಇದೆ. 2003ರಿಂದ ಭಾಷಾ ಕಾನೂನು ಇದೆ. 2022ರ ಜನವರಿ 1ರಿಂದ ಯೂರೋಪಿನ ಒಕ್ಕೂಟದಲ್ಲಿ ಐರಿಶ್‌ಗೆ ಯಾವ ವಿನಾಯಿತಿಯೂ ಇಲ್ಲದ ಪೂರ್ತಿ ಸ್ಥಾನ ಇದೆ.

2025ರ ಜನವರಿ 24ರಂದು ಏಓವಿನ್ ಬಿರುಗಾಳಿ ಬಂದಾಗ ದೇಶಪೂರ್ತಿ ರೆಡ್ ವಾರ್ನಿಂಗ್. ಗಾಲ್ವೇ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 184 ಕಿ.ಮೀ. ಗಾಳಿ ದಾಖಲಾಯಿತು, 1945ರ ದಾಖಲೆ ಮುರಿಯಿತು. 7,68,000 ಮನೆ-ಅಂಗಡಿಗಳಿಗೆ ಕರೆಂಟಿಲ್ಲ, ನಮ್ಮನೆಯೂ ಅದರಲ್ಲೊಂದು. ಮೇಸ್ ಹೆಡ್ ಇರುವುದು ಐರಿಶ್ ಮಾತಾಡುವ ಪ್ರದೇಶದಲ್ಲೇ. ಅಲ್ಲಿನ ಮುದುಕಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೂ ಅವಳ ಭಾಷೆಯಲ್ಲಿ ಗಾಳಿಯ ಸುದ್ದಿ ಹೇಳಲು ಒಂದು ರೇಡಿಯೋ, ಒಂದು ಟೀವಿ ಇದೆ. ನಮ್ಮಲ್ಲಿ 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ತಾಯಿನುಡಿ ಕನ್ನಡ, ಅದರಲ್ಲಿ ಕೋಟ್ಯಂತರ ಜನಕ್ಕೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು.

ನಮಗೆ ಟೊರ್ನೆಡೊ ಇಲ್ಲವಲ್ಲ ಎನ್ನಬೇಡಿ. ನಮ್ಮ ಟೊರ್ನೆಡೊ ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2022 ಒಂದೇ ವರ್ಷ ದೇಶದಲ್ಲಿ ಸಿಡಿಲಿಗೆ ಸತ್ತವರು 2,887. ಅಮೆರಿಕಾದಲ್ಲಿ ಟೊರ್ನೆಡೊಗೆ ಸಾಯುವವರು ವರ್ಷಕ್ಕೆ ಸರಾಸರಿ 70ರ ಆಸುಪಾಸು! ಅಲ್ಲಿ ಅದರ ಮೇಲೆ ಸಿನಿಮಾ ತೆಗೆಯುತ್ತಾರೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಕುರಿ ಕಾಯುವ ಹುಡುಗ ಬೇವಿನ ಮರದ ಕೆಳಗೆ ನಿಂತು ಸತ್ತರೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು.

ಆ ಹುಡುಗನಿಗೆ ಅರ್ಧ ಗಂಟೆ ಮೊದಲು ಹೇಳಲು ಸಾಧ್ಯವಿದೆ. ಸಿಡಿಲು ಪತ್ತೆ ಹಚ್ಚುವ ಸೆನ್ಸರುಗಳಿವೆ. ಕರ್ನಾಟಕದ್ದೇ ಆದ ವಿಪತ್ತು ಉಸ್ತುವಾರಿ ಕೇಂದ್ರವಿದೆ, ಆರು ಸಾವಿರದಷ್ಟು ಗ್ರಾಮ ಪಂಚಾಯತಿಗಳಲ್ಲಿ ಮಳೆ ಮಾಪಕ ಕೂರಿಸಿದ ಕೇಂದ್ರವದು. ಅದು ರೈತರಿಗಾಗಿ ನಡೆಸಿದ ಸಹಾಯವಾಣಿಯ ಹೆಸರು ‘ವರುಣ ಮಿತ್ರ’, ಅದರ ಸಿಡಿಲಿನ ಆಪ್ ಹೆಸರು ‘ಸಿಡಿಲು’. ಎಷ್ಟು ಚೆನ್ನಾಗಿದೆ ನೋಡಿ! ಹೆಸರು ಕೇಳಿದರೆ ಸಾಕು, ಏನೆಂದು ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ ಸಾಲು ನೋಡಿ: ಮೌಸಮ್, ದಾಮಿನಿ, ಸಚೇತ್. ಇವುಗಳ ಒಳಗೆ ಭಾಷೆ ಬದಲಿಸುವ ಆಯ್ಕೆ ಇದ್ದರೂ ಅಷ್ಟು ಒಳಗೆ ಹೋಗುವವರಾರು? ದಾಮಿನಿ ಎಂದರೆ ನಮ್ಮ ಕಡೆ ನೆನಪಾಗುವುದು ಹಳೆಯ ಹಿಂದಿ ಸಿನಿಮಾ. ಮಿಂಚಿಗೆ ದಾಮಿನಿ ಎನ್ನುತ್ತಾರೆಂದು ಕೊಪ್ಪಳದ ಕುರಿಗಾಹಿಗೆ ಯಾರು ಹೇಳಬೇಕು?

ಹಿರಿಯೂರಿನ ಹತ್ತಿರ ನನ್ನ ಚಿಕ್ಕಪ್ಪ ಇದ್ದಾರೆ. ಒಂದು ಬೇಸಿಗೆಯಲ್ಲಿ ಅವರ ಫೋನಿಗೆ ಸಿಡಿಲಿನ ಎಚ್ಚರಿಕೆಯ ಎಸ್ಸೆಮ್ಮೆಸ್ಸು ಇಂಗ್ಲಿಷಿನಲ್ಲಿ ಬಂತು. ಸಾಲ ಬೇಕೇ ಎಂದು ಕೇಳುವವರ ಮೆಸೇಜಿರಬೇಕೆಂದು ಅಳಿಸಿ ಹಾಕಿ ಹೊಲಕ್ಕೆ ಹೋದರು. ಏನೂ ಆಗಲಿಲ್ಲ, ಅದಕ್ಕೇ ಅದನ್ನು ನಗುತ್ತಾ ಹೇಳುತ್ತಾರೆ. ನನಗೆ ನಗು ಬರಲಿಲ್ಲ.

ಹಾಗೆಂದು ಇಂಗ್ಲಿಷನ್ನು ಕನ್ನಡ ಲಿಪಿಗೆ ಇಳಿಸಿದರೆ ಸಾಕೇ? ನಮ್ಮ ಬುಲೆಟಿನ್ ಕನ್ನಡ ಕೇಳಿದ್ದೀರಲ್ಲ: ‘ಕರಾವಳಿಯ ಹಲವೆಡೆ, ಒಳನಾಡಿನ ಕೆಲವೆಡೆ, ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ’. ಈ ‘ಕೆಲವೆಡೆ’, ‘ಹಲವೆಡೆ’ಗಳ ಹಿಂದೆ ಹವಾಮಾನ ಇಲಾಖೆಯ ಶೇಕಡಾವಾರು ಲೆಕ್ಕವಿದೆ, ಇಷ್ಟು ಭಾಗ ಕೇಂದ್ರಗಳಲ್ಲಿ ಮಳೆಯಾದರೆ ಈ ಪದ ಎಂದು. ಕೇಳುವವನಿಗೆ ಅದು ಗೊತ್ತೇ? ‘ಮೇಲ್ಮೈ ಸುಳಿಗಾಳಿ’, ‘ವಾಯುಭಾರ ಕುಸಿತ’ ಎಂದು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಇಂದಿಗೂ ಅವನ್ನು ಕೇಳಿ ಕೊಡೆ ತೆಗೆದುಕೊಂಡವರನ್ನು ಕಂಡಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನಮ್ಮದೇ ‘ಅವಿಸೊ’ ಸಮಸ್ಯೆ. ಮುನ್ಸೂಚನೆ, ಮುನ್ನೆಚ್ಚರಿಕೆ, ಎಚ್ಚರಿಕೆ, ಸೂಚನೆ, ಈ ನಾಲ್ಕನ್ನೂ ಒಂದರ ಬದಲು ಒಂದು ಎಸೆಯುತ್ತಾರೆ. ನಾಳೆ ಬರಬಹುದು ಎಂಬುದಕ್ಕೂ, ಬಂದೇ ಬಿಟ್ಟಿತು ಓಡು ಎಂಬುದಕ್ಕೂ ಒಂದೇ ಪದ! ಕೊನೆಗೆ ಸಾಕಪ್ಪಾ ಎಂದು ಪತ್ರಿಕೆಯವರು ‘ಆರೆಂಜ್ ಅಲರ್ಟ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಇದೇ ಕನ್ನಡದಲ್ಲಿ ರೈತ ಮಳೆಗೆ ಇಪ್ಪತ್ತೇಳು ನಕ್ಷತ್ರದ ಹೆಸರಿಟ್ಟು, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಗಾದೆ ಕಟ್ಟಿದ. ಸೋನೆ, ಜಡಿ, ತುಂತುರು, ಆಲಿಕಲ್ಲು, ಬಿರುಗಾಳಿ, ಕರಾವಳಿಯ ಮೀನುಗಾರರ ತುಫಾನು, ಪದಗಳಿಗೆ ಬರವೇ? ‘ಇನ್ನರ್ಧ ಗಂಟೆಯಲ್ಲಿ ಸಿಡಿಲು ಬೀಳಬಹುದು. ಮರದ ಕೆಳಗೆ ನಿಲ್ಲಬೇಡಿ. ಈಗಲೇ ಮನೆಯೊಳಗೆ ಹೋಗಿ.’ ಇಷ್ಟೇ ಬೇಕಾದದ್ದು. ಓದಲು ಬಾರದವರಿಗೆ ಇದನ್ನೇ ಫೋನಿನಲ್ಲಿ ದನಿಯಾಗಿ ಕೇಳಿಸಿ. ತಂತ್ರಜ್ಞಾನ ಇಲ್ಲವೆಂದು ಯಾರೂ ನಮಗೆ ಹೇಳುವುದು ಬೇಡ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ ನಡೆದು ಮೊಬೈಲುಗಳು ಒಮ್ಮೆಗೇ ಬಡಿದುಕೊಂಡವು. ಜಗತ್ತಿನೆಲ್ಲೆಡೆ ಬಳಸುವ ಸಿ.ಎ.ಪಿ. ಎಂಬ ಎಚ್ಚರಿಕೆ ಮಾದರಿಯಲ್ಲಿ ಒಂದೇ ಸಂದೇಶಕ್ಕೆ ಎಷ್ಟು ಭಾಷೆ ಬೇಕಾದರೂ ಸೇರಿಸಬಹುದು. ಯೂರೋಪಿನ 24 ಭಾಷೆಗಳಿಗೆ ಸಾಫ್ಟ್‌ವೇರ್ ಸಿದ್ಧಮಾಡಿ ಸಂಬಳ ಎಣಿಸುವವರು ನಾವೇ ಅಲ್ಲವೇ? ಇದು ಎಷ್ಟು ಸುಲಭವೆಂದು ನಮಗಿಂತ ಯಾರಿಗೆ ಗೊತ್ತು!

ಬೆಂಗಳೂರಿನಲ್ಲಿ ಎಲ್ಲ ಭಾಷೆಯವರೂ ಇದ್ದಾರೆ, ಅದಕ್ಕೇ ಇಂಗ್ಲಿಷ್-ಹಿಂದಿ ಎಂಬ ಹಳೆಯ ವಾದ ಇಲ್ಲೂ ಬರುತ್ತದೆ. ಬರಲಿ. ಕಟ್ಟಡ ಕೆಲಸಕ್ಕೆ ಬಂದ ಬಿಹಾರದ ಹುಡುಗನಿಗೆ ಹಿಂದಿಯಲ್ಲಿ ಎಚ್ಚರಿಕೆ ಕೊಡಿ, ತಮಿಳಿನವನಿಗೆ ತಮಿಳಿನಲ್ಲಿ ಕೊಡಿ, ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ. ಜೀವದ ವಿಷಯದಲ್ಲಿ ಜಗಳವಿಲ್ಲ. ಆದರೆ ಕರ್ನಾಟಕದ ನೆಲದಲ್ಲಿ ಹೊರಡುವ ಪ್ರತಿಯೊಂದು ಎಚ್ಚರಿಕೆಯೂ ಮೊದಲು ಕನ್ನಡದಲ್ಲಿರಬೇಕು, ಕೇಳಿದ ಮೇಲೆ ಸಿಗುವ ಆಯ್ಕೆಯಾಗಿ ಅಲ್ಲ.

ಇದೇ ಅಳತೆಗೋಲನ್ನು ಗಡಿಯಾಚೆಗೂ ಒಯ್ಯುತ್ತೇನೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಮಂಜೇಶ್ವರದಲ್ಲಿ, ಚಂದ್ರಗಿರಿಯ ಬಡಗಲಲ್ಲಿ ಕನ್ನಡದ ಮನೆಗಳಿವೆ. ಮಹಾಜನ ವರದಿಯ ಮಾತು ಇವತ್ತು ಎತ್ತುವುದಿಲ್ಲ, ಅದಕ್ಕೆ ಬೇರೆ ದಿನವಿದೆ. ನಕ್ಷೆಯ ಗೆರೆ ಎಲ್ಲೇ ಇರಲಿ, ಆಷಾಢದ ಮಳೆಗೆ ಗುಡ್ಡ ಜರಿಯುವಾಗ ಆ ಮನೆಯ ಅಜ್ಜಿಗೆ ಮಲಯಾಳದ ಜೊತೆಗೆ ಕನ್ನಡದಲ್ಲೂ ಸುದ್ದಿ ಮುಟ್ಟಬೇಕು. ಟೆಕ್ಸಾಸಿನ ಸಾರಗೋಸಾದಲ್ಲಿ ಏನಾಯಿತೆಂದು ಓದಿದ ಮೇಲೂ ಇದನ್ನು ಭಾಷಾಂಧತೆ ಎನ್ನುವವರಿಗೆ ನನ್ನ ಬಳಿ ಬೇರೆ ಉತ್ತರವಿಲ್ಲ.

ಈಗ ಕೆಲಸದ ಮಾತು. ಈ ವಾರ ತಲಾ ಒಂದು ಮಿಂಚೆ ಬರೆಯೋಣ: ಬೆಂಗಳೂರಿನ ಹವಾಮಾನ ಕೇಂದ್ರಕ್ಕೆ, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರಕ್ಕೆ, ದೆಹಲಿಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ. ಕನ್ನಡದಲ್ಲೇ ಬರೆಯಿರಿ, ದೆಹಲಿಗೆ ಬೇಕಾದರೆ ಇಂಗ್ಲಿಷ್ ಪ್ರತಿ ಲಗತ್ತಿಸಿ. ಸಂದೇಶಗಳ ಕನ್ನಡವನ್ನು ತಿದ್ದಿ ಕೊಡಲು, ಬೇಕಿದ್ದರೆ ದನಿ ಮುದ್ರಿಸಿ ಕೊಡಲು ನಾವು ಬಿಟ್ಟಿಯಾಗಿ ತಯಾರಿದ್ದೇವೆಂದು ಸೇರಿಸಿ. ಮೇಲೆ ಬರೆದ ಸಿಡಿಲಿನ ಮೂರು ವಾಕ್ಯವನ್ನು ನಿಮ್ಮೂರಿನ ಆಡುಮಾತಿಗೆ, ಧಾರವಾಡದ್ದಾಗಲಿ, ಕುಂದಾಪುರದ್ದಾಗಲಿ, ಚಾಮರಾಜನಗರದ್ದಾಗಲಿ, ತಿರುಗಿಸಿ ನನಗೂ ಕಳಿಸಿ. ಡಬ್ಲಿನ್ನಿನಲ್ಲಿ ನಾವು ಆರು ಜನ ಶನಿವಾರ ಕೂತು ಒಂದು ಕಡತ ಮಾಡುತ್ತಿದ್ದೇವೆ, ಬೀದರಿನ ಮಾತು ಇನ್ನೂ ಸಿಕ್ಕಿಲ್ಲ.